ಬಾರದ ಎರಡನೆಯ ಕಾಗದ

“ಮಾಸ್ತರ್, ‘ಅನ್‌ಲೆಸ್’ ಅಂದ್ರ ‘ಹಂಗ ಆಗದಿದ್ರ’ ಅಂತ ರೀ. ಮತ್ತೊಂದ ಕಾಗದ ಬರದಿದ್ರ ಐದನೇ ತಾರೀಖಿಗೆ ಹಾಜರಾಗ್ರಿ ಅಂತ ಬರದಾರ. ಇವತ್ತ ಇಪ್ಪತ್ತು!”

ಉದಗೀರದ ಶಿಕ್ಷಕಿಯರ ತರಬೇತಿ ಶಾಲೆಯ ಗುಮಾಸ್ತರು ಹೀಗೆಂದು ಪತ್ರವನ್ನು ನನ್ನ ಕೈಗೆ ಮರಳಿಸಿದರು. ಪಕ್ಕದಲ್ಲಿ ಬಟ್ಟೆಯ ಗಂಟು ಹಿಡಿದು ನಿಂತಿದ್ದವಳು ನಮ್ಮೂರು ವಲಾಂಡಿಯ ಜಂಗಮರ ಮಗಳು ಗಿರಿಜಮ್ಮ. ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡವಳು. ಅವಳಿಗೆ ಅಲ್ಲಿ ಸೀಟು ಸಿಕ್ಕಿದ ಪತ್ರ ಇಂಗ್ಲಿಷಿನಲ್ಲಿ ಬಂದಿತ್ತು. ಸಂಸ್ಥಾನದ ಕಾಲದಲ್ಲಿ ಉರ್ದು ಕಲಿತು ಮಾಸ್ತರನಾದ ನಾನು, ಪೊಲೀಸ್ ಕಾರ್ಯಾಚರಣೆಯಿಂದ ಸಂಸ್ಥಾನ ಹೋದ ಮೇಲಷ್ಟೇ ಇಂಗ್ಲಿಷ್ ವ್ಯಾಕರಣ ಹಿಡಿದಿದ್ದೆ. ಆದರೂ ಊರಿನಲ್ಲಿ ಅಷ್ಟಾದರೂ ಬಲ್ಲವನು ನಾನೊಬ್ಬನೇ. ಇನ್ನೊಂದು ಕಾಗದ ಬಂದ ಮೇಲೆಯೇ ಹೋಗಬೇಕೆಂದು ಅವಳಿಗೆ ಧೈರ್ಯವಾಗಿ ಓದಿ ಹೇಳಿದ್ದೆ. ಅವಳು ದಿನವೂ ಅಂಚೆಯವನ ದಾರಿ ಕಾದಳು. ಕಾದು ಸಾಕಾಗಿ, ವಿಚಾರಿಸೋಣವೆಂದು ಇಬ್ಬರೂ ಅಲ್ಲಿಗೆ ಬಂದಿದ್ದೆವು.

ಅಷ್ಟರಲ್ಲಿ ಸೀಟು ಬೇರೊಬ್ಬಳ ಪಾಲಾಗಿತ್ತು. ಗುಮಾಸ್ತರಿಗೆ ಕೈಮುಗಿದೆ, ‘ದೊಡ್ಡ ಬಾಯಿ’ ಎಂದು ಕರೆಯುತ್ತಿದ್ದ ಮುಖ್ಯೋಪಾಧ್ಯಾಯಿನಿಯನ್ನೂ ಕಂಡು ಬೇಡಿಕೊಂಡೆ. ಏನೂ ಆಗಲಿಲ್ಲ. ಹೊರಗೆ ಬಂದು ತಪ್ಪಾಯಿತೆಂದಾಗ ಗಿರಿಜಮ್ಮ ನನ್ನನ್ನು ಬೈಯಲಿಲ್ಲ.

“ಅಪ್ಪಾಗ ಏನಂತ ಹೇಳ್ಲಿರಿ ಮಾಸ್ತರ್? ಇದೊಂದ ಸಲ ಅಷ್ಟೇ ಕಳಸ್ತೀನಿ ಅಂದಿದ್ರು,” ಎಂದಷ್ಟೇ ಕೇಳಿದಳು.

ಮರುವರ್ಷ ಅರ್ಜಿ ಹಾಕಲು ಅವಳ ತಂದೆ ಬಿಡಲೇ ಇಲ್ಲ. ಆಮೇಲೆ ನಾನು ವಾಕ್ಯ ಜೋಡಿಸುವ ಆ ಸಣ್ಣ ಸಣ್ಣ ಪದಗಳನ್ನೆಲ್ಲ ಬಾಯಿಪಾಠ ಮಾಡಿದೆ, ಪರೀಕ್ಷೆ ಪಾಸಾದೆ, ಹೆಡ್‌ಮಾಸ್ತರನೂ ಆದೆ. ಗಿರಿಜಮ್ಮ ತವರಿನ ಅಡುಗೆಮನೆಯಲ್ಲೇ ಮುದುಕಿಯಾದಳು.