ಪೆಡಲ್ ನೆಲ ಮುಟ್ಟಿದ ಸದ್ದು

…ಇಲ್ಲ, ಅದು ಸದ್ದೇ ಆಗಿತ್ತೋ, ಆಮೇಲೆ ಯಾರೋ ಹೇಳಿದ್ದು ನನ್ನೊಳಗೆ ಸದ್ದಾಗಿ ಕೂತಿತೋ, ಈಗಲೂ ಖಚಿತವಿಲ್ಲ. ಅಪ್ಪನ ಬಲಗಾಲು ಬ್ರೇಕ್ ಪೆಡಲನ್ನು ತುಳಿಯುತ್ತದೆ. ಪೆಡಲ್ ಯಾವ ತಡೆಯೂ ಇಲ್ಲದೆ ಕೆಳಗಿಳಿದು ಕ್ಯಾಬಿನ್ನಿನ ಹಲಗೆಗೆ ದಡ್ ಎಂದು ಬಡಿಯುತ್ತದೆ. ಮತ್ತೆ ತುಳಿಯುತ್ತಾನೆ, ಮತ್ತೆ ದಡ್. ನಾನು ಪಕ್ಕದಲ್ಲಿದ್ದೇನೆ. ಆರೋ ಏಳೋ ವರ್ಷ. ಈ ನೆನಪಿನಲ್ಲಿ ಲಾರಿಯ ಬಣ್ಣ ಹಸಿರು. ಹೋದ ವರ್ಷ ಮೆಕ್ಯಾನಿಕ್ ಅದರ ಬಾಗಿಲಿನ ತುಕ್ಕು ಉಜ್ಜಿದಾಗ ಕೆಳಗೆ ಸಿಕ್ಕಿದ್ದು ನೀಲಿ, ಆ ನೀಲಿಯ ಕೆಳಗೆ ಇನ್ನೊಂದು ನೀಲಿ. ಹಸಿರು ಎಲ್ಲಿಯೂ ಇರಲಿಲ್ಲ. ಬಣ್ಣದಲ್ಲಿ ತಪ್ಪಿದವಳು ಸದ್ದಿನಲ್ಲಿ ಸರಿಯಿರಬಹುದು ಎಂದು ಯಾರು ನಂಬುತ್ತಾರೆ?

ನಡೆದಿದ್ದರಲ್ಲಿ ಎಲ್ಲರೂ ಒಪ್ಪುವ ಭಾಗ ಚಿಕ್ಕದು. ಮೂಗು ಮುಂದಕ್ಕೆ ಚಾಚಿದ ಹಳೇ ಕಾಲದ ಲಾರಿ, ಅಪ್ಪನ ಸ್ವಂತದ್ದು. ಮಾಗಡಿ ಕಡೆಯಿಂದ ಆಲೆ ಮರದ ದಿಮ್ಮಿಗಳನ್ನು ಚನ್ನಪಟ್ಟಣದ ಬೊಂಬೆ ಕಡೆಯುವವರಿಗೆ ತಂದು ಹಾಕುತ್ತಿದ್ದ. ಒಂದು ಸಂಜೆ ಇಳಿಜಾರಿನ ತಿರುವಿನಲ್ಲಿ ಲಾರಿ ದಿಣ್ಣೆಗೆ ಗುದ್ದಿತು. ಹಿಂದೆ ದಿಮ್ಮಿಗಳ ಮೇಲೆ ಕೂತಿದ್ದ ಮಾವ, ಅಂದರೆ ಅಪ್ಪನ ತಂಗಿಯ ಗಂಡ, ಕೆಳಗೆ ಬಿದ್ದ. ದಿಮ್ಮಿಗಳು ಅವನ ಮೇಲೆ ಉರುಳಿದವು, ಅವನು ಉಳಿಯಲಿಲ್ಲ. ಬ್ರೇಕ್ ಹಿಡಿಯಲಿಲ್ಲ ಎಂದ ಅಪ್ಪ. ತೂಕಡಿಸಿದ ಎಂದಳು ಅತ್ತೆ. ಹಿರಿಯರು ಕೂತು ಮಾತಾಡಿ, ಅವರವರ ಮಾತನ್ನು ಅವರವರಿಗೇ ಬಿಟ್ಟು ಎದ್ದುಹೋದರು. ಲಾರಿಯನ್ನು ಇನ್ನೊಂದು ಲಾರಿಗೆ ಕಟ್ಟಿ ಎಳೆದು ತಂದು ಕೂಟಗಲ್ಲಿನ ನಮ್ಮ ಹೊಲದ ಹೊಂಗೆ ಮರದ ಕೆಳಗೆ ನಿಲ್ಲಿಸಿದರು.

ಅಲ್ಲಿಂದಾಚೆ ಅತ್ತೆ ನಮ್ಮ ಮನೆಯಲ್ಲಿ ನೀರು ಕುಡಿದಿಲ್ಲ. ನನ್ನ ಮದುವೆಗೆ ಬಂದಳು, ಅಮ್ಮ ಸತ್ತಾಗ ಬಂದಳು, ತನ್ನೂರು ಬೈರಾಪಟ್ಟಣದಿಂದ ಬಾಟಲಿಯಲ್ಲಿ ನೀರು ತಂದುಕೊಂಡೇ ಬಂದಳು. ಅಪ್ಪನಿಗೆ ಏನಾದರೂ ಹೇಳುವುದಿದ್ದರೆ ನನ್ನತ್ತ ತಿರುಗಿ, “ನಿಮ್ಮಪ್ಪಂಗೆ ಹೇಳು” ಎನ್ನುತ್ತಿದ್ದಳು. ಅಪ್ಪ ಅವಳ ಎದುರಿಗೇ ಕೂತಿರುತ್ತಿದ್ದ.

ರಾಮನಗರದ ಬೆಟ್ಟದ ಕಡೆ ರೆಸಾರ್ಟ್ ಮಾಡುತ್ತಿದ್ದವರೊಬ್ಬರು ಲಾರಿ ಕೇಳಿಕೊಂಡು ಬಂದರು. ಗೇಟಿನ ಬಳಿ ನಿಲ್ಲಿಸಿ ಹಿಂದಿನ ತೊಟ್ಟಿಯಲ್ಲಿ ಹೂವಿನ ಕುಂಡ ಇಡುತ್ತಾರಂತೆ. ಅಪ್ಪ ಕಾಫಿ ಕೊಡಿಸಿ ಅವರನ್ನು ಕಳಿಸಿಬಿಟ್ಟ.

“ಮಾರಲ್ವೇನಪ್ಪ?” ಎಂದೆ.

“ನಿಂತಿದ್ದು ಸಾಕು. ಓಡ್ಲಿ. ಓಡೋಕ್ ಮುಂಚೆ ಬ್ರೇಕ್ ಬಿಚ್ಬೇಕು. ನಿಮ್ಮತ್ತೆ ಎದ್ರುಗೇ ಬಿಚ್ಬೇಕು. ಕಣ್ಣಾರೆ ನೋಡ್ಲಿ.”

“ಇಷ್ಟು ವರ್ಷ ಯಾಕೆ ಬಿಚ್ಚಲಿಲ್ಲ?”

“ನಾನೇ ಬಿಚ್ಚಿದ್ದಿದ್ರೆ ನಾನೇ ಏನೋ ಕಿತ್ತಾಕ್ದೆ ಅಂದ್ಬುಡೋರು ಕಣವ್ವ.”

ಆ ಮಾತಿನಲ್ಲಿ ನ್ಯಾಯವಿತ್ತು. ಹೆದರಿಕೆಯೂ ಇತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಈಗ ಅನ್ನಿಸುವುದನ್ನು ಆಗಲೇ ಕಂಡಿದ್ದೆ ಎಂಬಂತೆ ಬರೆಯುವುದು ಬಹಳ ಸುಲಭ, ಆದ್ದರಿಂದ ಅದನ್ನು ಬಿಡುತ್ತೇನೆ.

ಟ್ರ್ಯಾಕ್ಟರಿಗೆ ಕಟ್ಟಿ ಲಾರಿಯನ್ನು ಚನ್ನಪಟ್ಟಣಕ್ಕೆ ಎಳೆಸಿದೆ. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಹಳೇ ಮೈಸೂರು ರಸ್ತೆಯ ಗ್ಯಾರೇಜುಗಳು ಖಾಲಿ ಹೊಡೆಯುತ್ತಿವೆ. ಅದಕ್ಕೇ ಇರಬೇಕು, ಮೆಕ್ಯಾನಿಕ್ ಭಾಯ್ ಇಂಥ ಕೆಲಸವನ್ನು ಒಪ್ಪಿಕೊಂಡರು. ಅವರ ತಂದೆ ಬೊಂಬೆ ಕಡೆಯುತ್ತಿದ್ದವರು. ನಮ್ಮ ಲಾರಿಯ ಮರ ಅವರ ಮನೆಗೂ ಹೋಗಿದ್ದಿರಬಹುದು, ಹೋಗದೆಯೂ ಇರಬಹುದು. ಬಾನೆಟ್ ಎತ್ತಿ ನೋಡಿ ಅವರು ನಕ್ಕರು.

“ಅಕ್ಕಾ, ಈ ಗಾಡಿಗೆ ಇಲಿಗಳೇ ಓನರ್. ಅವು ಸೈನ್ ಹಾಕ್ದೆ ನಾನು ಬಿಚ್ಚೋ ಹಂಗಿಲ್ಲ.”

ಇಲಿಗಳು ವೈರೆಲ್ಲ ತಿಂದಿದ್ದವು. ಸೀಟಿನ ತೆಂಗಿನ ನಾರಿನಲ್ಲಿ ಮರಿ ಹಾಕಿದ್ದವು. ಎಂಜಿನ್ ಜಾಮ್ ಆಗಿತ್ತು. ಡೀಸೆಲ್ ಸುರಿದು ನೆನೆಯಲು ಬಿಟ್ಟರು, ಮತ್ತೆ ಸುರಿದರು, ಕೈಯಿಂದ ತಿರುಗಿಸಿ ನೋಡಿದರು, ಬೈದರು. ಒಂದೊಂದು ಸಾಮಾನಿಗೂ ಬೆಂಗಳೂರಿನ ಗುಜರಿಗಳನ್ನು ಸುತ್ತಬೇಕಾಯಿತು. ತಿಂಗಳುಗಟ್ಟಲೆ ಆದ ಮೇಲೆ ಒಂದು ಮಧ್ಯಾಹ್ನ ಎಂಜಿನ್ ಕೆಮ್ಮಿ, ಕಪ್ಪು ಹೊಗೆ ಕಾರಿ ಹೊತ್ತಿಕೊಂಡಿತು. ಎದುರಿನ ಟೀ ಅಂಗಡಿಯವರೂ ಓಡಿ ಬಂದರು. ಅಪ್ಪ ಮಾತ್ರ ಸ್ಟೂಲಿನಿಂದ ಏಳಲಿಲ್ಲ. ಎಂಜಿನ್ನಿನ ಮೇಲೆ ಯಾವತ್ತೂ ಯಾರೂ ಅನುಮಾನ ಪಟ್ಟಿರಲಿಲ್ಲ.

“ಬ್ರೇಕ್ ಕೊನೆಗಿರಲಿ ಭಾಯ್, ಅವತ್ತು ಮನೆ ಹಿರಿಯರನ್ನ ಕರ್ಕೊಂಡು ಬರ್ತೀನಿ” ಎಂದು ಹೇಳಿದ್ದೆ. ಯಾಕೆ ಎಂದು ಹೇಳಿರಲಿಲ್ಲ. ಮನೆಯ ಮಾತು ಗ್ಯಾರೇಜಿಗೆ ಬೇಡ ಎಂದಿದ್ದ ಅಪ್ಪ.

ಅತ್ತೆಯನ್ನು ಕರೆಯಲು ಬೈರಾಪಟ್ಟಣಕ್ಕೆ ಹೋದೆ. ರೇಷ್ಮೆ ಹುಳುವಿಗೆ ಹಾಕಲು ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದಳು. ಕೈ ನಿಲ್ಲಿಸದೆ ಕೇಳಿಸಿಕೊಂಡಳು.

“ಇಷ್ಟ್ ವರ್ಷ ಆದ್ಮೇಲೆ ಅದ್ರೊಳಗೇನೈತೆ?”

“ಅಪ್ಪ ಹೇಳಿದ್ದು ನಿಜವೋ ಸುಳ್ಳೋ ಅಂತ ಗೊತ್ತಾಗುತ್ತೆ.”

“ನಿಜ ಅಂತಾದ್ರೆ ನಾನು ಇಷ್ಟ್ ವರ್ಷ ನೀರ್ ಕುಡೀದೆ ಇದ್ದಿದ್ದು ಏನಾಯ್ತದೆ? ಅದ್ನ ಯಾವ್ ಗ್ಯಾರೇಜಲ್ಲಿ ರಿಪೇರಿ ಮಾಡ್ಸೀಯೆ?”

ಸೊಪ್ಪಿನ ಬುಟ್ಟಿ ತುಂಬಿದ ಮೇಲೆ ಅವಳೇ ಹೇಳಿದಳು. “ಬತ್ತೀನಿ. ಬಸ್ಸಲ್ಲಿ ನಾನೇ ಬತ್ತೀನಿ.”

ಆ ದಿನ ಅಪ್ಪ ಒಗೆದ ಬಿಳಿ ಅಂಗಿ ಹಾಕಿಕೊಂಡಿದ್ದ. ನಾವು ಗ್ಯಾರೇಜಿಗೆ ಹೋದಾಗ ಅತ್ತೆ ಆಗಲೇ ಬಂದು ಕುರ್ಚಿಯಲ್ಲಿ ಕೂತಿದ್ದಳು, ತೊಡೆಯ ಮೇಲೆ ನೀರಿನ ಬಾಟಲಿ. ಲಾರಿ ರಸ್ತೆಗೆ ಮುಖ ಮಾಡಿ ನಿಂತಿತ್ತು. ತೊಳೆದಿದ್ದರು. ಮೂಗಿಗೆ ಚೆಂಡು ಹೂವಿನ ಹಾರ. ಚಕ್ರಗಳ ಮುಂದೆ ಒಂದೊಂದು ನಿಂಬೆಹಣ್ಣು.

ಎಲ್ಲ ಚಕ್ರವನ್ನೂ ಹಾಕಿಯಾಗಿತ್ತು.

“ಬ್ರೇಕ್?” ಎಂದೆ.

“ಎಲ್ಲಾ ಹೊಸದು ಅಕ್ಕಾ. ಒಳಗಿನ ರಬ್ಬರು, ಲೈನರ್, ಪೈಪು, ಆಯಿಲ್ಲು. ನಿನ್ನೇನೇ ಮುಗಿಸ್ಬಿಟ್ಟೆ.”

“ಬ್ರೇಕ್ ನಾವು ಬರೋ ದಿನಕ್ಕಿರಲಿ ಅಂದಿದ್ದೆನಲ್ಲ…”

ಭಾಯ್‌ಗೆ ಆಶ್ಚರ್ಯವಾಯಿತು. “ಮನೆ ಹಿರೇರು ಬರ್ತಾರೆ ಅಂದ್ರಿ. ದೊಡ್ಡೋರಿಗೆ ಬಿಚ್ಚಿ ಹಾಕಿದ ಗಾಡಿ ತೋರಿಸೋದಾ? ಜಾಕಿ ಮೇಲೆ ನಿಂತಿರೋ ಗಾಡೀನಾ? ಅದು ಒಳ್ಳೇದಲ್ಲ. ಗಾಡಿ ರೆಡಿ ಮಾಡಿ, ನಿಂಬೆಹಣ್ಣು ಇಟ್ಟು, ಆಮೇಲೆ ಕರೀಬೇಕು.”

“ಹಳೇ ಸಾಮಾನು ಎಲ್ಲಿ?”

“ಗುಜರಿಗೆ ಹೋಯ್ತು. ಬಿಚ್ಚಿದ್ದನ್ನ ಇಟ್ಕೊಂಡ್ರೆ ಅದೇ ಗಾಡಿ ತಿರುಗಾ ಗ್ಯಾರೇಜಿಗೆ ಬರುತ್ತೆ ಅಂತ ನಾವು ಅವತ್ತಿಂದವತ್ತೇ ಕಳಿಸ್ಬಿಡ್ತೀವಿ.”

ಅವರು ತಪ್ಪು ಮಾಡಿರಲಿಲ್ಲ. ಅವರ ಕಸುಬಿನಲ್ಲಿ ಅದು ಮರ್ಯಾದೆ. ಒಳಗಿನ ರಬ್ಬರು ಹರಿದರೆ ಪೆಡಲ್ ತಡೆಯಿಲ್ಲದೆ ಇಳಿಯುತ್ತದೆ; ಹಳೇ ರಬ್ಬರು ಹೇಗಿತ್ತು ಎಂದು ಕೇಳಿದೆ. ನನ್ನ ದನಿ ಕೇಳಿ ಅವರು ಒಮ್ಮೆ ಅಪ್ಪನನ್ನೂ ಒಮ್ಮೆ ಅತ್ತೆಯನ್ನೂ ನೋಡಿದರು.

“ಕಲ್ಲಾಗಿತ್ತು. ಅಷ್ಟು ವರ್ಷ ನಿಂತ್ರೆ ಯಾವ ರಬ್ಬರಾದ್ರೂ ಕಲ್ಲಾಗುತ್ತೆ ಅಕ್ಕಾ. ನಿಲ್ಲಿಸಿದ ದಿನ ಹೆಂಗಿತ್ತು ಅಂತ ಅದನ್ನ ನೋಡಿ ಯಾರೂ ಹೇಳೋಕಾಗಲ್ಲ.”

ಹಾಗಾದರೆ ನಾವು ಬೇಗ ಬಂದಿದ್ದರೂ ಏನೂ ಸಿಗುತ್ತಿರಲಿಲ್ಲ. ಹೊಂಗೆ ಮರದ ಕೆಳಗೆ ಇಷ್ಟು ವರ್ಷ ಅಪ್ಪ ಕಾದಿಟ್ಟಿದ್ದು ಬರೀ ತುಕ್ಕನ್ನು. ಇದನ್ನು ಅಪ್ಪನೂ ಕೇಳಿಸಿಕೊಂಡ. ಕ್ಯಾಬಿನ್ ಹತ್ತಿದ, ಸ್ಟಾರ್ಟ್ ಮಾಡಿದ. ನಿಂಬೆಹಣ್ಣುಗಳು ಚಕ್ರದಡಿ ಒಡೆದವು. ಲಾರಿ ಹಳೇ ರಸ್ತೆಯಲ್ಲಿ ಕೆಂಗಲ್ ಕಡೆಗೆ ಒಂದಿಷ್ಟು ದೂರ ಹೋಗಿ, ತಿರುಗಿ, ವೇಗವಾಗಿ ಬಂದು ಅತ್ತೆಯ ಕುರ್ಚಿಯ ನೇರಕ್ಕೆ ಗಕ್ಕನೆ ನಿಂತಿತು.

ಅತ್ತೆ ಚಕ್ರವನ್ನೇ ನೋಡಿದಳು. “ಈಗ ಹಿಡೀತದೆ ಕಣಣ್ಣ” ಎಂದಳು.

ಅಷ್ಟು ವರ್ಷಗಳಲ್ಲಿ ಅವಳು ಅವನನ್ನು ಅಣ್ಣ ಎಂದಿದ್ದು ಅದೊಂದೇ ಸಲ. ಅಥವಾ ಅದಕ್ಕೆ ಮೊದಲು ಎಂದಾದರೂ ಅಂದಿದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ. ಅಪ್ಪ ಕ್ಯಾಬಿನ್ನಿನಿಂದ ಇಳಿಯಲಿಲ್ಲ. ಅಲ್ಲಿಂದಲೇ ನನ್ನ ಕಡೆ ತಿರುಗಿದ.

“ನೀನ್ ಹೇಳವ್ವ. ಅವತ್ತು ನನ್ ಪಕ್ಕದಲ್ಲೇ ಇದ್ದಲ್ಲ. ಪೆಡ್ಲು ಕೆಳಕ್ಕೋಗ್ಬುಡ್ತಲ್ಲ, ನೀ ನೋಡ್ದಲ್ಲ. ಹೇಳು ನಿಮ್ಮತ್ತೆಗೆ.”

ಬಾಯಿ ತೆರೆದೆ. ಸದ್ದು ಅಲ್ಲೇ ಇತ್ತು, ದಡ್, ದಡ್. ಹೇಳುವುದಕ್ಕೆ ಮೊದಲೇ ಅತ್ತೆ ಮಾತಾಡಿದಳು. ಜೋರಾಗಿ ಅಲ್ಲ.

“ಇವಳೆಲ್ಲಿದ್ಲು ಅಲ್ಲಿ? ಅವತ್ತು ನಮ್ಮನೇಲಿದ್ಲು. ಜ್ವರ. ನನ್ನ ಮಡ್ಲಲ್ಲಿ ಮಲ್ಗಿದ್ಲು. ಸುದ್ದಿ ಬಂದಾಗ ಇವಳ ತಲೆ ಎತ್ತಿ ಚಾಪೆ ಮೇಲಿಟ್ಟು ಎದ್ದೆ. ಇವಳ ಕೂದ್ಲು ನನ್ ಬಳೆಗೆ ಸಿಕ್ಕಾಕೊಂಡಿತ್ತು.”

“ಸುಳ್ಳು” ಎಂದ ಅಪ್ಪ.

“ನಾ ಯಾಕ್ ಸುಳ್ಳೇಳ್ಲಿ? ಬಳೆ ಆಮೇಲೆ ಒಡೆದ್ರಲ್ಲ, ನಂಗ್ ನೆನಪಿರಲ್ವಾ?”

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಹುಡುಕಿದರೆ ಅವಳ ಮಡಿಲೂ ನನ್ನೊಳಗಿತ್ತು: ಸೊಪ್ಪಿನ ವಾಸನೆಯ ಸೀರೆ, ಬಿಸಿ ಹಣೆಯ ಮೇಲೆ ಒರಟು ಕೈ. ಆದರೆ ಅದು ಯಾವ ದಿನದ್ದೂ ಆಗಿರಬಹುದು. ಪೆಡಲಿನ ಸದ್ದೂ ಯಾವ ದಿನದ್ದೂ ಆಗಿರಬಹುದು, ಅಥವಾ ಅಪ್ಪ ಕುಡಿದ ರಾತ್ರಿಗಳಲ್ಲಿ ಹೇಳಿ ಹೇಳಿ ನನ್ನ ತಲೆಯಲ್ಲಿ ಅವನೇ ಬಡಿದಿದ್ದಾಗಿರಬಹುದು. ನಾನು, “ನೆನಪಿಲ್ಲಪ್ಪ” ಎಂದೆ. ಅದೂ ಪೂರ್ತಿ ನಿಜವಲ್ಲ.

ಅಪ್ಪ ಎಂಜಿನ್ ಆಫ್ ಮಾಡಿ ಇಳಿದ. ಭಾಯ್ ಎಲ್ಲರಿಗೂ ಟೀ ತರಿಸಿದರು. ಅತ್ತೆ ಕುಡಿದಳು. ಅದು ಗ್ಯಾರೇಜಿನ ಟೀ, ನಮ್ಮ ಮನೆಯದಲ್ಲ. ಕುಡಿದು, ಬಾಟಲಿ ತೆಗೆದುಕೊಂಡು ಬಸ್ಸಿಗೆ ಹೋದಳು.

ಆಮೇಲೆ ಲಾರಿಗೆ ಎಫ್‌ಸಿ ಆಯಿತು. ರಸ್ತೆಗೆ ಇಳಿಯಲು ಯೋಗ್ಯ ಎಂದು ಸರ್ಕಾರವೂ ಒಪ್ಪಿತು. ಈಗ ಅದು ರಾಮನಗರದ ನಮ್ಮ ಮನೆಯ ಮುಂದೆ ನಿಂತಿದೆ. ಅಪ್ಪ ಹತ್ತುವುದಿಲ್ಲ, ಅದರ ಮಾತೂ ಎತ್ತುವುದಿಲ್ಲ, ನನ್ನ ಜೊತೆ ಅನ್ನ ಸಾರಿನ ಮಾತಷ್ಟೇ. ಅತ್ತೆ ಮತ್ತೆ ಬಂದಿಲ್ಲ. ಬ್ಯಾಟರಿ ಇಳಿಯದಿರಲಿ ಎಂದು ನಾನು ಆಗಾಗ ಸ್ಟಾರ್ಟ್ ಮಾಡುತ್ತೇನೆ, ಪಕ್ಕದ ಸೀಟಿನ ಕಡೆ ನೋಡದೆ ಬ್ರೇಕ್ ತುಳಿಯುತ್ತೇನೆ. ಪೆಡಲ್ ಅರ್ಧದಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಎಷ್ಟೇ ಒತ್ತಿದರೂ ನೆಲ ಮುಟ್ಟುವುದಿಲ್ಲ. ಮುಟ್ಟಿದ್ದರೆ ಎಂಥ ಸದ್ದು ಬರುತ್ತಿತ್ತು ಎಂದು ತಿಳಿಯಲು ಈಗ ದಾರಿಯಿಲ್ಲ.

ಆ ಸಂಜೆ ಬ್ರೇಕ್ ಹಿಡಿಯಲಿಲ್ಲವೋ, ಅಪ್ಪ ತೂಕಡಿಸಿದನೋ ನನಗೆ ಗೊತ್ತಿಲ್ಲ. ನಾನು ಎಲ್ಲಿದ್ದೆ ಎಂಬುದೂ ಗೊತ್ತಿಲ್ಲ.