ಮಿಲಿಟರಿ ಟ್ರೇಲರಿಗೆ ಎಂಟು ಮಂದಿ

ಕೆನಡಾದ ಟೊರಾಂಟೊ ನಗರದ ಪೂರ್ವಕ್ಕಿರುವ ಸ್ಕಾರ್‌ಬರೋದ ಹದಿನಾಲ್ಕು ಮಹಡಿಯ ಒಂದು ಹಳೆಯ ಕಟ್ಟಡಕ್ಕೆ ಶಿವಲಿಂಗಪ್ಪನವರು ಸೂಪರಿಂಟೆಂಡೆಂಟು. ಹೆಸರಿಗೆ ತೂಕವಿದೆ, ಕೆಲಸವೆಂದರೆ ಕಟ್ಟಿಕೊಂಡ ಸಿಂಕು ಬಿಡಿಸುವುದು, ಚಳಿಗಾಲದಲ್ಲಿ ಮೆಟ್ಟಿಲಿಗೆ ಉಪ್ಪು ಎರಚುವುದು, ಮನೆ ಖಾಲಿ ಮಾಡಿದವರು ಬಿಟ್ಟುಹೋದ ಸೋಫಾಗಳನ್ನು ತಮ್ಮ ಸಣ್ಣ ಕೆಂಪು ಪಿಕಪ್ಪಿನಲ್ಲಿ ಹಾಕಿಕೊಂಡು ಹೋಗಿ ಎಸೆದು ಬರುವುದು. ಹೆಂಡತಿ ನೀಲಾಂಬಿಕಾ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಬೆಳಗಿನ ಶಿಫ್ಟು ಮಾಡುತ್ತಿದ್ದರು. ಮಗಳು ಅಕ್ಷರಾ ಕಾಲೇಜಿಗೆ ಹೋಗುತ್ತಿದ್ದಳು.

ಬೆಳಗಾವಿಯಲ್ಲಿದ್ದಾಗ ಶಿವಲಿಂಗಪ್ಪನವರು ಹನ್ನೊಂದು ವರ್ಷ ಮಿಲಿಟರಿ ಸ್ಟೋರಿನಲ್ಲಿ ಗುಮಾಸ್ತರಾಗಿದ್ದರು. ಸಮವಸ್ತ್ರವಿಲ್ಲ, ಬಂದೂಕಿಲ್ಲ. ಕೈಯಲ್ಲಿದ್ದ ಆಯುಧವೆಂದರೆ ‘ಕಂಡೆಮ್ಡ್’ ಎಂಬ ರಬ್ಬರು ಮೊಹರು. ಸಾಮಾನಿಗೆ ಇಷ್ಟು ವರ್ಷ ತುಂಬಿತೆಂದರೆ ಅದರ ಕಾಗದದ ಮೇಲೆ ಮೊಹರು ಒತ್ತಬೇಕು, ಸಾಮಾನು ಎಷ್ಟೇ ಗಟ್ಟಿಯಾಗಿರಲಿ. ಒಂದೇ ದಿನ ಹದಿನೇಳು ಟ್ರೇಲರುಗಳಿಗೆ ಮೊಹರು ಒತ್ತಿದ ಸಂಜೆ ಅವರಿಗೆ ಊಟ ಸೇರಿರಲಿಲ್ಲ. ಗಾಲಿ ತಿರುಗಿಸಿ ನೋಡಿದರೆ ಚೂರೂ ಸದ್ದಿಲ್ಲ, ಅಂಥ ಟ್ರೇಲರುಗಳು.

ಹೀಗಾಗಿ 2016ರ ಮೇ ತಿಂಗಳಲ್ಲಿ ಪಿಕರಿಂಗ್ ಊರಿನಿಂದಾಚೆ, ಸೈನ್ಯ ಬೇಡವೆಂದ ಸಾಮಾನು ಮಾರುವ ಒಂದು ಅಂಗಳದಲ್ಲಿ ಹಸಿರು ಬಣ್ಣದ ಟ್ರೇಲರೊಂದು ಕಣ್ಣಿಗೆ ಬಿದ್ದಾಗ ಅವರು ಪಿಕಪ್ಪಿನಿಂದ ಇಳಿದು ನೇರ ಅದರ ಬಳಿಗೇ ಹೋದರು. ಎರಡೇ ಗಾಲಿ, ಒಂದೊಂದೂ ಎದೆಯೆತ್ತರ. ಹೊದಿಕೆಗೆ ದಪ್ಪ ಕ್ಯಾನ್ವಾಸು. ಹೋಗಿದ್ದದ್ದು ಒಂದು ಏಣಿ ಕೊಳ್ಳಲು. ಏಣಿ ಅಲ್ಲೇ ಉಳಿಯಿತು.

ಅಂಗಡಿಯ ಮುದುಕ ಪಿಕಪ್ಪಿನ ಹಿಂಭಾಗ ನೋಡಿ ತಲೆ ಅಲ್ಲಾಡಿಸಿದ. ಸಾಧಾರಣ ಟ್ರೇಲರುಗಳು ಗಾಡಿಯ ಹಿಂದಿನ ಗುಂಡಿನ ಮೇಲೆ ಕೂರುತ್ತವೆ. ಈ ಮಿಲಿಟರಿ ಟ್ರೇಲರಿನ ಮೂತಿಗೆ ಮುಷ್ಟಿಗಾತ್ರದ ಕಬ್ಬಿಣದ ಬಳೆ. ಅದನ್ನು ಕಚ್ಚಿ ಹಿಡಿಯಲು ದವಡೆಯಂಥ ಕೊಕ್ಕೆ ಬೇಕು. ಕೊಕ್ಕೆಯನ್ನೂ ಕೊಂಡದ್ದಾಯಿತು. ಅದನ್ನು ಬಳೆಯ ಎತ್ತರಕ್ಕೆ ತಂದು ಕೂರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು.

ಖಾಲಿ ಟ್ರೇಲರು 401ನೇ ಹೆದ್ದಾರಿಯ ಮೇಲೆ ಕುಣಿಯುತ್ತ ಬಂತು. ಮುಂದಿದ್ದ ಪಿಕಪ್ಪಿಗಿಂತ ಹಿಂದಿದ್ದ ಟ್ರೇಲರೇ ಎತ್ತರ. ದೂರದಿಂದ ನೋಡಿದವರಿಗೆ ಟ್ರೇಲರೇ ಪಿಕಪ್ಪನ್ನು ಅಟ್ಟಿಸಿಕೊಂಡು ಬರುತ್ತಿರುವ ಹಾಗೆ ಕಾಣುತ್ತಿತ್ತು. ಆದರೂ ಯಾರೂ ಹಾರ್ನ್ ಮಾಡಲಿಲ್ಲ. ಪಕ್ಕದ ಸಾಲಿನಲ್ಲಿ ಹೋಗುತ್ತಿದ್ದ ಒಬ್ಬ ವಯಸ್ಸಾದವನು ಸೆಲ್ಯೂಟ್ ಹೊಡೆದ. ಶಿವಲಿಂಗಪ್ಪನವರು ಜೀವನದಲ್ಲಿ ಮೊದಲ ಸಲ ಸೆಲ್ಯೂಟ್ ಹಿಂತಿರುಗಿಸಿದರು.

ತೊಂದರೆ ಶುರುವಾದದ್ದು ಕಟ್ಟಡಕ್ಕೆ ಬಂದ ಮೇಲೆ. ಕಸದ ಡಬ್ಬಿಗಳಿಗೂ ಹಿಂದಿನ ಗೋಡೆಗೂ ನಡುವೆ ಟ್ರೇಲರು ಹಿಡಿಸುವಷ್ಟು ಜಾಗವಿತ್ತು. ಆದರೆ ಅಲ್ಲಿಗೆ ಹಿಂದಕ್ಕೆ ಬಿಡಬೇಕು. ಶಿವಲಿಂಗಪ್ಪನವರು ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರೆ ಟ್ರೇಲರು ಬಲಕ್ಕೆ ಹೋಯಿತು. ಬಲಕ್ಕೆ ತಿರುಗಿಸಿದರೆ ಎಡಕ್ಕೆ. ಸ್ವಲ್ಪ ಹೆಚ್ಚು ತಿರುಗಿಸಿದರೆ ಪಿಕಪ್ಪೂ ಟ್ರೇಲರೂ ಮೊಣಕೈಯಂತೆ ಮಡಚಿಕೊಂಡವು. ಅರ್ಧ ಗಂಟೆಯಲ್ಲಿ ಬಾಲ್ಕನಿಗಳು ತುಂಬಿದವು. ಒಬ್ಬರು ತಮಿಳಿನಲ್ಲಿ, ಒಬ್ಬರು ಗುಜರಾತಿಯಲ್ಲಿ, ಆರನೇ ಮಹಡಿಯ ಫಿಲಿಪಿನೋ ಅಜ್ಜಿ ತನ್ನ ಭಾಷೆಯಲ್ಲಿ ದಾರಿ ಹೇಳತೊಡಗಿದರು. ಅಕ್ಷರಾ ಕೆಳಗಿಳಿದು ಬಂದು, ನೋಡಿ, "ಅಪ್ಪಾ, ಐ ಡೋಂಟ್ ನೋ ಯು" ಎಂದು ಮೇಲೆ ಹೋದಳು.

ಕೊನೆಗೆ ಐದನೇ ಮಹಡಿಯ ಮುರಿಗೆಪ್ಪನವರು ಚಪ್ಪಲಿ ಎಳೆಯುತ್ತ ಬಂದರು. ಹುಬ್ಬಳ್ಳಿ ಕಡೆಯವರು, ಎಪ್ಪತ್ತು ದಾಟಿದವರು, ಮಗನ ಮನೆಯಲ್ಲಿ ಇದ್ದವರು. ಇಡೀ ದಿನ ಅವರಿಗೆ ಕಿಟಕಿಯೇ ಕೆಲಸ.

"ಶಿವಲಿಂಗಪ್ಪ, ಗಾಡಿ ಬಿಚ್ಚು," ಎಂದರು.

"ಬಿಚ್ಚಿ ಏನ್ ಮಾಡೂದ್ರಿ?"

"ನೂಕೂದು. ಮಂದಿ ಸತ್ತಾರೇನು?"

ಎಂಟು ಮಂದಿ ಕೂಡಿದರು. ಕೊಕ್ಕೆ ಬಿಚ್ಚಿ, ಇಬ್ಬರು ಮೂತಿ ಹಿಡಿದು, ಉಳಿದವರು ಬದಿಗೆ ಭುಜ ಕೊಟ್ಟು, ನಾಲ್ಕು ನಿಮಿಷದಲ್ಲಿ ಟ್ರೇಲರನ್ನು ಗೋಡೆಗೆ ಸೇರಿಸಿದರು. ನೀಲಾಂಬಿಕಾ ಮಂಡಾಳಿಗೆ, ಅಂದರೆ ಮಂಡಕ್ಕಿಗೆ, ಈರುಳ್ಳಿ, ಹುಣಸೆರಸ ಕಲಸಿ ಗಿರ್ಮಿಟ್ ಮಾಡಿ ತಂದರು, ಮೇಲೆ ಚಹಾ. ಕಸದ ಡಬ್ಬಿಗಳ ಪಕ್ಕದಲ್ಲೇ ನಿಂತು ಎಲ್ಲರೂ ತಿಂದರು. ಅವರಲ್ಲಿ ಅರ್ಧ ಮಂದಿ ಒಂದೇ ಕಟ್ಟಡದಲ್ಲಿದ್ದೂ ಅದುವರೆಗೆ ಒಬ್ಬರಿಗೊಬ್ಬರು ಮಾತಾಡಿದವರಲ್ಲ.

ಅಲ್ಲಿಂದ ಅದೇ ಪದ್ಧತಿಯಾಯಿತು. ಟ್ರೇಲರು ಎಲ್ಲಿಗೆ ಹೋಗಬೇಕಾದರೂ ಮುಂದಕ್ಕೆ ಪಿಕಪ್ಪು ಎಳೆಯುತ್ತಿತ್ತು, ಹಿಂದಕ್ಕೆ ಎಂಟು ಮಂದಿ ನೂಕುತ್ತಿದ್ದರು. ಯಾರದೋ ಮನೆ ಬದಲಾವಣೆ, ಯಾರದೋ ಗೃಹಪ್ರವೇಶ, ಕನ್ನಡ ಸಂಘದ ಪಿಕ್ನಿಕ್ಕು, ಎಲ್ಲದಕ್ಕೂ ಭಾನುವಾರ ಬಂತೆಂದರೆ ಕರೆ ಬರತೊಡಗಿತು. ಪಿಕಪ್ಪು ಮುಂದೆ, ಟ್ರೇಲರು ಅದರ ಹಿಂದೆ, ನೂಕುವವರ ಮೂರು ಕಾರು ಅದರ ಹಿಂದೆ.

2017ರ ಪಿಕ್ನಿಕ್ಕಿನ ದಿನ ಪೊಲೀಸನೊಬ್ಬ ಇವರನ್ನು ನಿಲ್ಲಿಸಿದ. ಬ್ರೇಕು ಹಾಕಿದರೆ ಹಿಂದಿನ ಲೈಟು ಹತ್ತುತ್ತಿಲ್ಲ ಎಂದ. ಶಿವಲಿಂಗಪ್ಪನವರು ಇಳಿದು ನೋಡಿದರು. ಆ ಟ್ರೇಲರಿನ ಹಿಂದೆ ಎರಡು ಬಗೆಯ ಲೈಟು: ಶಾಂತಿಕಾಲಕ್ಕೊಂದು, ಯುದ್ಧಕಾಲಕ್ಕೊಂದು. ಸೈನ್ಯದ ಇಪ್ಪತ್ತನಾಲ್ಕು ವೋಲ್ಟಿನ ಬಲ್ಬು ತೆಗೆದು ಹನ್ನೆರಡರದ್ದು ಹಾಕುವಾಗ ಅವರು ವೈರನ್ನು ಯುದ್ಧಕಾಲದ್ದಕ್ಕೆ ಜೋಡಿಸಿಬಿಟ್ಟಿದ್ದರು. ಅದು ಸೀಳುಗಣ್ಣಿನಂಥ ಲೈಟು, ಹತ್ತಿದರೂ ಹತ್ತಿದ್ದು ಗೊತ್ತಾಗುವುದಿಲ್ಲ.

"ಅದು ಶತ್ರುವಿಗೆ ಕಾಣಬಾರದು ಅಂತಲೇ ಮಾಡಿದ್ದು, ಆಫೀಸರ್," ಎಂದು ಇಂಗ್ಲಿಷಿನಲ್ಲಿ ಪ್ರಾಮಾಣಿಕವಾಗಿ ವಿವರಿಸಿದರು.

"ಸರ್, ನಾನು ಶತ್ರುವಲ್ಲ," ಎಂದ ಪೊಲೀಸ.

ಅಷ್ಟರಲ್ಲಿ ಹಿಂದಿನ ಮೂರು ಕಾರುಗಳೂ ಸಾಲಾಗಿ ನಿಂತು ಎಂಟು ಮಂದಿ ಕೆಳಗಿಳಿದಿದ್ದರು. ಇವರೆಲ್ಲ ಯಾರು ಎಂದು ಪೊಲೀಸ ಕೇಳಿದ.

"ನೂಕುವವರು."

"ಏನನ್ನು ನೂಕುವವರು?"

"ಇದನ್ನೇ."

"ಇದನ್ನು ನಿಮ್ಮ ಪಿಕಪ್ಪು ಎಳೆಯುತ್ತಿದೆಯಲ್ಲ?"

"ಮುಂದಕ್ಕೆ ಎಳೆಯುತ್ತದೆ," ಎಂದರು ಶಿವಲಿಂಗಪ್ಪ.

ಪೊಲೀಸ ಕ್ಯಾನ್ವಾಸು ಎತ್ತಿ ನೋಡಿದ. ಒಳಗೆ ಎರಡು ಪಾತ್ರೆ, ನಾಲ್ಕು ಜಮಖಾನೆ, ಒಂದು ಕ್ರಿಕೆಟ್ ಬ್ಯಾಟು. ಶಿವಲಿಂಗಪ್ಪನವರು ವೈರು ಬದಲಾಯಿಸುವವರೆಗೆ ಅವನು ಪಕ್ಕದಲ್ಲಿ ನಿಂತು, ಲೈಟು ಸರಿಯಾಗಿ ಹತ್ತಿದ ಮೇಲೆ ಹೋಗಲು ಹೇಳಿದ.

ಆ ದಿನ ಪಾರ್ಕಿನಲ್ಲಿ, ಕಟ್ಟಡ ಬಿಟ್ಟುಹೋದವರೊಬ್ಬರ ಬದಲಿಗೆ ನೂಕಲು ಸೇರಿದ್ದ ಸತ್ಯಪ್ರಕಾಶ್ ಒಂದು ಮಾತು ಆಡಿದರು. ಮೈಸೂರಿನವರು, ಇಂಜಿನಿಯರು, ಮನೆ ದೂರದ ಎರಿನ್ ಮಿಲ್ಸ್‌ನಲ್ಲಿ. "ಸಾರ್, ತಪ್ಪು ತಿಳ್ಕೋಬೇಡಿ. ಈ ಸಾಮಾನೆಲ್ಲಾ ನಮ್ಮ ಮೂರು ಕಾರಿನ ಡಿಕ್ಕೀಲೇ ಹಿಡಿಸ್ತಿತ್ತು ಅಲ್ವಾ?"

ಮುರಿಗೆಪ್ಪನವರು ಬೇರೆ ಕಡೆ ನೋಡಿದರು. ಸತ್ಯಪ್ರಕಾಶರಿಗೂ ತಾನು ಹೇಳಬಾರದ್ದು ಹೇಳಿದೆನೆನ್ನಿಸಿರಬೇಕು. ಮುಂದೆಂದೂ ಆ ಲೆಕ್ಕ ಎತ್ತಲಿಲ್ಲ. ಮಾತ್ರವಲ್ಲ, ಹತ್ತು ಅಡಿ ನೂಕುವುದಕ್ಕಾಗಿ ಆಮೇಲೆ ಒಂದು ವರ್ಷ ಇಡೀ ಟೊರಾಂಟೊ ದಾಟಿಕೊಂಡು ಒಂದು ಭಾನುವಾರವೂ ತಪ್ಪದೆ ಬಂದರು.

ಮರುವರ್ಷ ಬೇಸಿಗೆಯಲ್ಲಿ ದ್ಯಾಮಣ್ಣ ಎಂಬಾತ ಆ ಕಟ್ಟಡಕ್ಕೆ ಬಾಡಿಗೆಗೆ ಬಂದ. ಬೈಲಹೊಂಗಲದವನು, ಮಾಂಟ್ರಿಯಾಲಿಗೆ ಐವತ್ತಮೂರು ಅಡಿಯ ಲಾರಿ ಓಡಿಸುವವನು. ಒಂದು ಭಾನುವಾರ ಎಂಟು ಮಂದಿ ಅಂಗಿಯ ತೋಳು ಮಡಚಿಕೊಂಡು ಕೊಕ್ಕೆ ಬಿಚ್ಚಲು ಹೊರಟಿದ್ದಾಗ ಅವನು ಅಲ್ಲಿಗೆ ಬಂದ.

"ಯಾಕ್ರಿ ಬಿಚ್ಚಾಕತ್ತೀರಿ? ಕೊಡ್ರಿ ಕೀಲಿ."

ಪಿಕಪ್ಪು ಹತ್ತಿದ, ಕಿಟಕಿಯಿಂದ ತಲೆ ಹೊರಗೆ ಹಾಕಿದ, ಒಂದೇ ಏಟಿಗೆ ಟ್ರೇಲರನ್ನು ಗೋಡೆಗೆ ಸೇರಿಸಿ ಇಳಿದ. ಒಂದು ನಿಮಿಷವೂ ಆಗಿರಲಿಲ್ಲ. ಕೀಲಿ ಹಿಂದಿರುಗಿಸುವಾಗ ಅವನ ಮುಖದಲ್ಲಿ ಉಪಕಾರ ಮಾಡಿದ ಸಂತೋಷವಿತ್ತು. ಎಂಟು ಮಂದಿಯೂ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು. ಗಿರ್ಮಿಟ್ ಬಂತು. ಕೆಲಸ ಮಾಡದೆ ತಿನ್ನುವುದು ಹೇಗೆಂದು ಒಬ್ಬೊಬ್ಬರೇ ಏನೋ ನೆವ ಹೇಳಿ ಹೊರಟರು.

ಮುಂದಿನ ಭಾನುವಾರ ನಾಲ್ಕು ಮಂದಿ ಬಂದರು. ಅದರ ಮುಂದಿನ ವಾರ ಮುರಿಗೆಪ್ಪನವರೊಬ್ಬರೇ ಬಂದು, ಡಬ್ಬಿಗಳ ಪಕ್ಕ ಸ್ವಲ್ಪ ಹೊತ್ತು ನಿಂತು, ಮೇಲೆ ಹೋದರು. ಶಿವಲಿಂಗಪ್ಪನವರು ಮನೆಗೆ ಹೋದರು. ನೀಲಾಂಬಿಕಾ ಒಂದು ಬುಟ್ಟಿ ಮಂಡಾಳು ಎದುರಿಗಿಟ್ಟುಕೊಂಡು ಕೂತಿದ್ದರು.

"ಅಲ್ಲರಿ, ಆ ಹುಡುಗಗ ಒಂದ್ ಮಾತು ಹೇಳಬಾರದ?" ಎಂದರು.

"ಏನಂತ ಹೇಳ್ಲಿ? ನೀ ಛೊಲೊ ಕೆಲಸ ಮಾಡಿದಿ, ಇನ್ನ ಮಾಡಬ್ಯಾಡ ಅಂತನ?"

ಆದರೂ ಹೇಳಬೇಕಾಯಿತು. ದ್ಯಾಮಣ್ಣ ಕೇಳಿಸಿಕೊಂಡು ತಲೆ ಕೆರೆದುಕೊಂಡ. "ನನ್ನಿಂದ ತಪ್ಪಾತು ಬಿಡ್ರಿ. ನಾನೂ ನೂಕ್ತೀನಿ," ಎಂದ. ಹೀಗೆ ಅವನು ಒಂಬತ್ತನೆಯವನಾದ. ಶಿವಲಿಂಗಪ್ಪನವರು ಎಲ್ಲರ ಮನೆಗೂ ತಾವೇ ಹೋಗಿ, ದ್ಯಾಮಣ್ಣ ಇನ್ನು ಸ್ಟೇರಿಂಗ್ ಮುಟ್ಟುವುದಿಲ್ಲವೆಂದು ಮಾತು ಕೊಟ್ಟು ಬಂದರು. ಭಾನುವಾರಗಳು ಮೊದಲಿನಂತಾದವು.

ಆದರೆ ದ್ಯಾಮಣ್ಣನಿಗೆ ಒಂದು ಮಾತು ಮನಸ್ಸಿಗೆ ಹಿಡಿಸಲಿಲ್ಲ. "ಕಾಕಾ, ಗಾಡಿ ನಿಮ್ಮದು. ನಿಮಗರ ಬರಬೇಕಲ್ಲ?" ಎಂದು ಹಠ ಹಿಡಿದ. ಬಾಗಿಲು ಮುಚ್ಚಿದ ಒಂದು ದೊಡ್ಡ ಅಂಗಡಿಯ ಎದುರಿನ ಖಾಲಿ ಪಾರ್ಕಿಂಗಿನಲ್ಲಿ, ಯಾರಿಗೂ ಗೊತ್ತಾಗದ ಹಾಗೆ, ಶನಿವಾರ ಬೆಳಿಗ್ಗೆ ಆರಕ್ಕೆ ಪಾಠ ಶುರುವಾಯಿತು.

"ಕೈ ಮ್ಯಾಲ ಬ್ಯಾಡ್ರಿ, ಸ್ಟೇರಿಂಗಿನ ಕೆಳಗ ಹಿಡೀರಿ. ಈಗ ಟ್ರೇಲರು ಯಾವ ಕಡೆ ಹೋಗಬೇಕೋ ಆ ಕಡೆ ಕೈ ಸರಸ್ರಿ. ಮೆಲ್ಲಕ."

ಅಷ್ಟೇ ಇತ್ತು. ಎರಡು ವರ್ಷ ಎಂಟು ಮಂದಿಯ ಬೆವರಿಳಿಸಿದ ಗುಟ್ಟು ಒಂದು ಗೇಣು ಕೆಳಗಿತ್ತು. ಏಳನೇ ಶನಿವಾರ ಶಿವಲಿಂಗಪ್ಪನವರು ಎರಡು ಬಕೀಟುಗಳ ನಡುವೆ ಟ್ರೇಲರನ್ನು ನೇರ ನಿಲ್ಲಿಸಿ, ಇಳಿದು, ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸುಮ್ಮನೆ ಅಳು ಬರುವಂತಾಗಿ ಮೂಗು ಒರೆಸಿಕೊಂಡರು. ಮನೆಗೆ ಬಂದು ಟ್ರೇಲರನ್ನು ರಸ್ತೆಯಲ್ಲೇ ನಿಲ್ಲಿಸಿ, ಎಂದಿನಂತೆ ನೂಕಲು ಬನ್ನಿ ಎಂದು ಎಂಟು ಮಂದಿಗೆ ಫೋನು ಮಾಡಿದರು.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಮಾತ್ರ ಹೇಳಿದರು. ನೀಲಾಂಬಿಕಾ ರೊಟ್ಟಿ ಮುರಿಯುತ್ತಿದ್ದವರು ನಿಲ್ಲಿಸಿ, "ಖರೇನ ಬರ್ತದ?" ಎಂದರು. "ಬರ್ತದ. ಬಾಯಿ ಬಿಡಬ್ಯಾಡ." ಆಮೇಲೆ ಒಂದು ವರ್ಷ ಅವರು ಬಾಯಿ ಬಿಡಲಿಲ್ಲ.

2019ರ ಆಗಸ್ಟಿನಲ್ಲಿ ಪಿಕ್ನಿಕ್ಕಿಗೆ ಪಾರ್ಕು ತಲುಪಿದಾಗ ಒಂದು ಅನಾಹುತವಾಯಿತು. ಪಾರ್ಕಿಂಗಿನ ಇಕ್ಕಟ್ಟು ದಾರಿಯಲ್ಲಿ ಪಿಕಪ್ಪಿಗೆ ಎದುರಾಗಿ ಒಂದು ಬಸ್ಸು ಬಂತು, ಒಳಗೆ ಯಾವುದೋ ಚೀನೀ ಸಂಘದ ಹಿರಿಯರು. ಬಸ್ಸಿಗೆ ಹಿಂದೆ ಹೋಗಲು ದಾರಿಯಿಲ್ಲ. ನೂಕುವವರು ಆಗಲೇ ಕಾರು ನಿಲ್ಲಿಸಿ ಹುಲ್ಲಿನ ಮೇಲೆ ಸಾಲಾಗಿ ನಿಂತಿದ್ದರು. ಬಸ್ಸಿನ ಡ್ರೈವರು ಹಾರ್ನ್ ಒತ್ತಿದ, ಮತ್ತೆ ಒತ್ತಿದ. ಶಿವಲಿಂಗಪ್ಪನವರಿಗೆ ಗಾಬರಿಯಾಯಿತು. ಗಾಬರಿಯಲ್ಲಿ ಕೈ ತಾನಾಗಿಯೇ ಸ್ಟೇರಿಂಗಿನ ಕೆಳಗಿಳಿಯಿತು. ಟ್ರೇಲರು ಮೆಲ್ಲಗೆ ಹಿಂದೆ ಸರಿದು, ಒಂದು ವ್ಯಾನಿಗೂ ಒಂದು ಮರಕ್ಕೂ ನಡುವಿನ ಖಾಲಿ ಜಾಗಕ್ಕೆ ಜಾರಿ ಕೂತಿತು. ಬಸ್ಸು ಹೋಯಿತು. ಕಿಟಕಿಗಳಿಂದ ಅಜ್ಜ ಅಜ್ಜಿಯರು ಚಪ್ಪಾಳೆ ತಟ್ಟಿದರು.

ಹುಲ್ಲಿನ ಮೇಲೆ ನಿಂತವರಲ್ಲಿ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಶಿವಲಿಂಗಪ್ಪನವರು ಸೀಟಿನಿಂದ ಇಳಿಯದೆ ಡ್ಯಾಶ್‌ಬೋರ್ಡನ್ನೇ ನೋಡುತ್ತ ಕೂತರು. ದ್ಯಾಮಣ್ಣ ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದ. ಅವನ ಬೂಟಿಗೆ ಲೇಸೇ ಇರಲಿಲ್ಲ. ಪಕ್ಕದ ಸೀಟಿನಲ್ಲಿದ್ದ ನೀಲಾಂಬಿಕಾ ಮಂಡಾಳಿನ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಮುರಿಗೆಪ್ಪನವರು ಮುಂದೆ ಬಂದರು. ಟ್ರೇಲರಿನ ಹಿಂದೆ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದರು. ಈ ಬದಿಗೆ ಬಂದು ನೋಡಿದರು. ಬೆರಳಿನಿಂದ ಗಾಲಿಗೂ ಬಿಳಿ ಗೆರೆಗೂ ನಡುವಿನ ಅಂತರ ಅಳೆದರು.

"ಒಂಚೂರು ಸೊಟ್ಟ ನಿಂತೈತಿ," ಎಂದರು.

ಸತ್ಯಪ್ರಕಾಶ್ ಬಂದು ಬಗ್ಗಿ ನೋಡಿ, "ಹೌದು ಸಾರ್, ಎರಡು ಇಂಚು ಆಚೆಗಿದೆ," ಎಂದರು.

"ಶಿವಲಿಂಗಪ್ಪ, ಇಳಿ. ಕೊಕ್ಕಿ ಬಿಚ್ಚು," ಎಂದು ಮುರಿಗೆಪ್ಪನವರು ಅಂಗಿಯ ತೋಳು ಮಡಚಿದರು. "ನೂಕಿ ಸರಿ ಮಾಡೂಣು."