ಲಿಕ್ಟೆನ್‌ಸ್ಟೈನ್‌ನಿಂದ ಬರಬೇಕಿದ್ದ ಹಲ್ಲು

ನನ್ನ ಅಮೆರಿಕದ ಪೌರತ್ವದ ಮೊದಲ ಸಂದರ್ಶನ ಹಾಳಾದದ್ದು ಹಲ್ಲಿನಿಂದ. ನೆವಾರ್ಕಿನ ಕಚೇರಿಯಲ್ಲಿ ಬಲಗೈ ಎತ್ತಿ, ನಿಜವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿ ಕುಳಿತೆ. ಎರಡನೇ ಪ್ರಶ್ನೆಗೆ ಉತ್ತರ ಕೊಡುವಾಗ ಮೇಲಿನ ಹಲ್ಲಿನ ಸೆಟ್ಟು ಅಂಗುಳಿನಿಂದ ಬಿಟ್ಟು ನಾಲಿಗೆಯ ಮೇಲೆ ಬಿತ್ತು. ಹುಬ್ಬಳ್ಳಿಯಲ್ಲಿ ಕಟ್ಟಿಸಿದ ಹಳೆಯ ಸೆಟ್ಟು. ನಡುವೆ ಸೀಳು ಬಿಟ್ಟಿತ್ತು. ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದೆ. ಅಧಿಕಾರಿ ಹೆಣ್ಣುಮಗಳು ಮತ್ತೆ ಮತ್ತೆ ಕೇಳಿದರು. ಗಾಬರಿಯಿಂದ ನಾನು ಇನ್ನೂ ಬೇಗ ಬೇಗ ಹೇಳಿದೆ. ಒಂದು ಇಂಗ್ಲಿಷ್ ವಾಕ್ಯ ಓದಿಸಿದರು. ಅದೂ ಅವರಿಗೆ ತಿಳಿಯಲಿಲ್ಲ. ಅವರು ನಗಲಿಲ್ಲ, ಬೇಸರಪಡಲಿಲ್ಲ. ಇನ್ನೊಂದು ಅವಕಾಶವಿದೆ, ದಿನಾಂಕ ಕಾಗದದಲ್ಲಿ ಬರುತ್ತದೆ ಎಂದು ಹೇಳಿ ಕಳಿಸಿದರು. ಆ ಎರಡನೆಯದೂ ತಪ್ಪಿದರೆ ಅರ್ಜಿ ಮುಗಿದಂತೆ. ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಈ ವಯಸ್ಸಿನಲ್ಲಿ ಮತ್ತೊಂದು ದೇಶದ ಪೌರತ್ವ ನನಗೆ ಯಾಕೆ ಬೇಕಿತ್ತೆಂದು ಹೇಳಿಬಿಡುತ್ತೇನೆ. ಧಾರವಾಡದಲ್ಲಿ ನನ್ನ ಅಕ್ಕ ಇದ್ದಾಳೆ, ನನಗಿಂತ ಆರು ವರ್ಷ ದೊಡ್ಡವಳು. ನಾನು ಹತ್ತನೇ ವಯಸ್ಸಿಗೆ ಹಾಸ್ಟೆಲ್ ಸೇರಿದೆ; ಅಲ್ಲಿಂದಾಚೆ ನಾವಿಬ್ಬರೂ ಒಂದೇ ಮನೆಯಲ್ಲಿ ಒಂದು ತಿಂಗಳು ಒಟ್ಟಿಗೆ ಕಳೆದವರಲ್ಲ. ಒಂದು ವರ್ಷವಾದರೂ ಜೊತೆಗಿರೋಣ ಎಂಬುದು ಅವಳ ಆಸೆ, ನನ್ನದೂ ಹೌದು. ಗ್ರೀನ್ ಕಾರ್ಡ್ ಇಟ್ಟುಕೊಂಡು ಅಷ್ಟು ಕಾಲ ಹೊರಗಿದ್ದರೆ ಮರಳಿ ಮಗಳ ಮನೆಗೆ ಬರುವುದು ಕಷ್ಟ. ಪೌರತ್ವ ಸಿಕ್ಕರೆ ಆ ಭಯವಿಲ್ಲ. ಅಕ್ಕನಿಗೆ ಈಗ ಎಂಬತ್ತಮೂರು. ಮತ್ತೆ ಮೊದಲಿನಿಂದ ಶುರು ಮಾಡುವಷ್ಟು ಸಮಯ ನಮ್ಮಿಬ್ಬರ ಬಳಿಯೂ ಇರಲಿಲ್ಲ.

ಸಂದರ್ಶನದ ಮರುದಿನವೇ ದಂತವೈದ್ಯರನ್ನು ಹುಡುಕಿ ಹೊರಟೆ. ನಾನೂ ಮಗಳೂ ಇರುವುದು ಫೋರ್ಟ್ ಲೀಯಲ್ಲಿ, ಹತ್ತೊಂಬತ್ತನೇ ಮಹಡಿಯಲ್ಲಿ. ಬಸ್ಸಿನಲ್ಲಿ ಸೇತುವೆ ದಾಟಿ ಮ್ಯಾನ್‌ಹ್ಯಾಟನ್ನಿಗೆ ಹೋಗಿ, ಎರಡು ರೈಲು ಬದಲಿಸಿ ಜ್ಯಾಕ್ಸನ್ ಹೈಟ್ಸ್ ತಲುಪಿದರೆ ಸೀರೆ ಅಂಗಡಿಯೊಂದರ ಮೇಲೆ ಮೈಸೂರಿನ ಡಾಕ್ಟರೊಬ್ಬರ ಕ್ಲಿನಿಕ್ಕು. ಡಾಕ್ಟರು ಒಳಗೆ ಹಲ್ಲು ನೋಡುತ್ತಾರೆ; ಅವರ ಹೆಂಡತಿ ಹೊರಗೆ ಮೇಜಿನ ಹಿಂದೆ ಕೂತು ಉಳಿದುದನ್ನೆಲ್ಲ ನೋಡುತ್ತಾರೆ.

ನಾನು ಧಾರವಾಡದವಳೆಂದು ತಿಳಿಯುತ್ತಲೇ ಡಾಕ್ಟರು ಶುರು ಮಾಡಿದರು. "ಧಾರವಾಡದವರು ಹಲ್ಲು ಕಟ್ಟಿಸ್ಕೊಳ್ಳೋದೇ ಪೇಡಾ ತಿನ್ನೋಕೆ ಅಲ್ವಾ ಆಂಟಿ?"

"ಪೇಡಾಕ್ಕ ಹಲ್ಲು ಯಾಕ ಬೇಕ್ರಿ ಡಾಕ್ಟ್ರೇ? ರೊಟ್ಟಿಗೆ ಬೇಕು," ಎಂದೆ. ಹಲ್ಲಿಲ್ಲದ ಬಾಯಿಂದ ಅದು ಏನೆಂದು ಕೇಳಿಸಿತೋ, ಅವರಂತೂ ನಕ್ಕರು.

ಹಳೆಯ ಸೆಟ್ಟು ರಿಪೇರಿಯಾಗುವಂಥದ್ದಲ್ಲ, ಹೊಸದೇ ಬೇಕು ಎಂದು ಹೇಳಿ ಅಚ್ಚು ತೆಗೆದುಕೊಂಡರು. ಸೆಟ್ಟನ್ನು ಅವರೇ ಕಟ್ಟುತ್ತಾರೆ, ಆದರೆ ಬಿಡಿ ಹಲ್ಲುಗಳು ಹೊರಗಿನಿಂದ ಬರಬೇಕು. ನನ್ನ ದವಡೆಯ ಅಳತೆಗೂ ಕೆಳಗಿನ ಸ್ವಂತ ಹಲ್ಲುಗಳ ಬಣ್ಣಕ್ಕೂ ಹೊಂದುವಂಥವು ಇಲ್ಲಿಯ ಯಾವ ವ್ಯಾಪಾರಿಯ ಹತ್ತಿರವೂ ಇರಲಿಲ್ಲ. ತಯಾರಿಸುವ ಕಂಪನಿಯಿಂದಲೇ ನೇರವಾಗಿ ತರಿಸಬೇಕಾಯಿತು.

ಡಾಕ್ಟರ ಹೆಂಡತಿ ಕಂಪ್ಯೂಟರಿನಿಂದ ತಲೆಯೆತ್ತಿ ಕೇಳಿದರು. "ಆಂಟಿ, ನೀವು ಜಿಯಾಗ್ರಫಿ ಟೀಚರ್ ಆಗಿದ್ರಿ ಅಂದ್ರಲ್ಲ. ಈ ಕಂಪನಿ ಇರೋದು ಲಿಕ್ಟೆನ್‌ಸ್ಟೈನ್ ಅಂತಿದೆ, ಪಾರ್ಸೆಲ್ ಮಾತ್ರ ಜೂರಿಕ್‌ನಿಂದ ಬರತ್ತೆ. ಕಸ್ಟಮ್ಸ್ ಏಜೆಂಟ್ ಫಾರ್ಮ್‌ನಲ್ಲಿ ಕಂಟ್ರಿ ಆಫ್ ಆರಿಜಿನ್ ಏನ್ ಹಾಕ್ಲಿ?"

ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಭೂಗೋಳ ಕಲಿಸಿದ್ದೇನೆ. ಯಾವ ದೇಶವಾದರೂ ಸರಿ, ಸ್ಥಾನ, ಮೇಲ್ಮೈ, ವಾಯುಗುಣ, ಬೆಳೆ, ಕೈಗಾರಿಕೆ, ಆಮದು, ರಫ್ತು ಎಂದು ಏಳು ತಲೆಬರಹಗಳಲ್ಲಿ ಹೇಳುತ್ತಿದ್ದೆ. ಯುರೋಪಿನ ಪುಟ್ಟ ದೇಶಗಳಿಗೆಲ್ಲ ಸೇರಿ ಒಂದೇ ಪೀರಿಯಡ್. ಲಿಕ್ಟೆನ್‌ಸ್ಟೈನಿಗೆ ಮೂರು ಸಾಲಿನ ನೋಟ್ಸು: ಸ್ವಿಟ್ಸರ್ಲೆಂಡ್ ಮತ್ತು ಆಸ್ಟ್ರಿಯಾಗಳ ನಡುವೆ ಇದೆ. ಹೈನುಗಾರಿಕೆ ಮುಖ್ಯ. ನಾಣ್ಯ, ಸುಂಕ ಎರಡೂ ಸ್ವಿಟ್ಸರ್ಲೆಂಡಿನ ಜೊತೆ ಒಂದೇ. ಆ ಮೂರನೇ ಸಾಲು ನನಗೆ ಕಂಠಪಾಠ.

"ನೋಡ್ರಿ, ಅದು ಸ್ವಿಟ್ಸರ್ಲೆಂಡಿನ ಕಸ್ಟಮ್ಸ್ ಒಳಗ ಬರ್ತದ. ಸ್ವಿಟ್ಸರ್ಲೆಂಡ್ ಅಂತನ ಬರೀರಿ," ಎಂದೆ.

"ಶೂರ್ ಅಲ್ವಾ ಆಂಟಿ?"

"ಪರೀಕ್ಷಾದಾಗ ಬಂದ್ರ ಎರಡು ಮಾರ್ಕ್ಸಿನ ಪ್ರಶ್ನಿ ಅದು."

ಅವರು ಹಾಗೆಯೇ ಬರೆದರು.

ಏಳು ವಾರ ಶಿಸ್ತಿನಿಂದ ಕಾದೆ. ಬೆಳಿಗ್ಗೆ ಐದಕ್ಕೆ ಎದ್ದು, ಹಾಸ್ಟೆಲಿನ ಕಾಲದಿಂದ ಬಂದ ಅಭ್ಯಾಸದಂತೆ ಹಾಸಿಗೆ ಮಡಿಸಿ, ಸ್ನಾನ ಮುಗಿಸಿ, ಪೌರತ್ವದ ಪ್ರಶ್ನೆಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಎರಡನೇ ಸಂದರ್ಶನದ ಕಾಗದ ಬಂತು. ದಿನ ಮಂಗಳವಾರ. ಅದಕ್ಕೆ ಹನ್ನೆರಡು ದಿನ ಇರುವಾಗ, ಒಂದು ಗುರುವಾರ ಡಾಕ್ಟರ ಹೆಂಡತಿ ಫೋನ್ ಮಾಡಿದರು.

"ಪಾರ್ಸೆಲ್ ಬಂದಿದೆ ಆಂಟಿ, ಆದ್ರೆ ಏರ್‌ಪೋರ್ಟ್‌ನಲ್ಲಿ ಸ್ಟಕ್ ಆಗಿದೆ. ಪೇಪರ್ಸ್‌ನಲ್ಲಿ ಏನೋ ಮಿಸ್‌ಮ್ಯಾಚ್ ಅಂತೆ. ಇನ್‌ವಾಯ್ಸ್‌ನಲ್ಲಿ ಒಂದು ದೇಶ, ಫಾರ್ಮ್‌ನಲ್ಲಿ ಇನ್ನೊಂದು."

ಫೋನ್ ಇಟ್ಟು ಕೋಟು ಹಾಕಿಕೊಂಡು ಲೈಬ್ರರಿಗೆ ನಡೆದೆ. ಅಂದು ನಾನು ಓದಿದ ದೇಶ ನನ್ನ ಮೂರು ಸಾಲಿನ ದೇಶವಾಗಿರಲಿಲ್ಲ. ಸ್ಥಾನ ಬದಲಾಗಿರಲಿಲ್ಲ, ಪಶ್ಚಿಮಕ್ಕೆ ರೈನ್ ನದಿ, ಪೂರ್ವಕ್ಕೆ ಆಲ್ಪ್ಸ್. ಸಮುದ್ರವಿಲ್ಲ, ಸುತ್ತಲಿನ ದೇಶಗಳಿಗೂ ಸಮುದ್ರವಿಲ್ಲ. ವಿಮಾನ ನಿಲ್ದಾಣವೂ ಇಲ್ಲ. ಜನಸಂಖ್ಯೆ ಸುಮಾರು ನಲವತ್ತು ಸಾವಿರ, ನಮ್ಮ ಫೋರ್ಟ್ ಲೀಯಲ್ಲಿ ಇರುವಷ್ಟೇ. ಆದರೆ ನಾನು ಮುಖ್ಯವೆಂದು ಬರೆಸಿದ ಹೈನುಗಾರಿಕೆ ಈಗ ಮೂಲೆಗೆ ಸರಿದಿದೆ. ಗೋಡೆ ಕೊರೆಯುವ ಯಂತ್ರಗಳು, ಕಾರಿನ ಬಿಡಿಭಾಗಗಳು, ಕೃತಕ ಹಲ್ಲುಗಳು ಅಲ್ಲಿ ತಯಾರಾಗಿ ಜರ್ಮನಿಗೆ, ಅಮೆರಿಕಕ್ಕೆ ಹೋಗುತ್ತವೆ. ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೆಳಿಗ್ಗೆ ಗಡಿ ದಾಟಿ ಬಂದು ಸಂಜೆ ಗಡಿ ದಾಟಿ ಮನೆಗೆ ಹೋಗುವವರು. ಕೊಳ್ಳುವವರು ಸ್ವಲ್ಪವೇ ಇರುವ ನಾಡು ಬದುಕುವುದೇ ಹೊರಗೆ ಮಾರಿ. ಸ್ವಿಟ್ಸರ್ಲೆಂಡಿನ ಜೊತೆಗಿನ ಸುಂಕದ ಒಪ್ಪಂದ ಈಗಲೂ ಇದೆ, ನನ್ನ ಮೂರನೇ ಸಾಲು ಸುಳ್ಳಲ್ಲ. ಆದರೆ ಅದು ಅವರ ಗಡಿಯ ಸುಂಕ. ಇಲ್ಲಿಯ ಗಡಿಯಲ್ಲಿ ಕೇಳುವುದು ಸರಕು ಎಲ್ಲಿ ತಯಾರಾಯಿತು ಎಂದು. ಈಚೆಗಂತೂ ಯಾವ ದೇಶಕ್ಕೆ ಎಷ್ಟು ಸುಂಕ ಎಂಬುದು ಇಲ್ಲಿ ದಿನದ ಸುದ್ದಿಯಾಗಿತ್ತು. ಆ ಎರಡು ದೇಶಗಳಿಗೆ ಬೇರೆ ಬೇರೆ ದರ ಹೇಳಿದ್ದನ್ನು ನಾನೇ ಟೀವಿಯಲ್ಲಿ ಕೇಳಿದ್ದೆ. ಕೇಳಿಯೂ ನನ್ನ ನೋಟ್ಸಿಗೆ ಅದನ್ನು ಹೊಂದಿಸಿ ನೋಡಿರಲಿಲ್ಲ.

ಶುಕ್ರವಾರ ಜ್ಯಾಕ್ಸನ್ ಹೈಟ್ಸಿಗೆ ಹೋದಾಗ ಗಂಡಹೆಂಡಿರ ಮಾತು ಮೆಟ್ಟಿಲಿಗೇ ಕೇಳುತ್ತಿತ್ತು.

"ಇನ್‌ವಾಯ್ಸ್ ಮೇಲೆ ದಪ್ಪಕ್ಷರದಲ್ಲಿದೆ ಕಣೇ. ನೋಡ್ಕೊಂಡು ಟೈಪ್ ಮಾಡೋಕೆ ಏನ್ ಕಷ್ಟ?"

"ಆಯ್ತು, ನಂದೇ ತಪ್ಪು. ಈಗೇನ್ ಮಾಡ್ಲಿ, ಹೋಗಿ ಪಾರ್ಸೆಲ್ ಮುಂದೆ ಧರಣಿ ಕೂರ್ಲಾ?"

ಆ ಹೆಣ್ಣುಮಗಳು ನನ್ನ ಹೆಸರು ಎತ್ತಲಿಲ್ಲ. ನಾನು ಒಳಗೆ ಹೋಗಿ ನಿಂತೆ. "ತಪ್ಪು ಅವರದಲ್ಲ ಡಾಕ್ಟ್ರೇ. ಅವರು ನನ್ನ ಕೇಳಿದ್ರು, ನಾನು ಸ್ವಿಟ್ಸರ್ಲೆಂಡ್ ಅಂತ ಹೇಳಿದೆ. ಶೂರ್ ಏನು ಅಂತನೂ ಕೇಳಿದ್ರು."

ಡಾಕ್ಟರು ಹೆಂಡತಿಯ ಕಡೆ ತಿರುಗಿ, "ಟೀಚರ್ ಹೇಳಿದ್ರು ಅಂತ ನೀನ್ಯಾಕೆ ಹೇಳ್ಲಿಲ್ಲ?" ಎಂದರು.

"ಟೀಚರ್ ಮೇಲೆ ಯಾರಾದ್ರೂ ಚಾಡಿ ಹೇಳ್ತಾರಾ?" ಎಂದರು ಅವರು.

ತರಗತಿಯಲ್ಲಿ ತಪ್ಪು ಹೇಳಿದ ಮಕ್ಕಳನ್ನು ನಾನು ಎಷ್ಟು ಸಲ ನಿಲ್ಲಿಸಿದ್ದೆನೋ ಲೆಕ್ಕವಿಲ್ಲ. ಅಂದು ನಿಂತದ್ದು ನಾನು. ನಿಂತ ಮೇಲೆ, ವಿಚಿತ್ರವೆಂದರೆ, ಎದೆ ಹಗುರಾಯಿತು.

ಏಜೆಂಟನಿಗೆ ಬೇಕಾದದ್ದು ತಿದ್ದಿದ ಫಾರ್ಮು ಮತ್ತು ಸರಕು ಲಿಕ್ಟೆನ್‌ಸ್ಟೈನಿನಲ್ಲೇ ತಯಾರಾಯಿತೆಂದು ಕಂಪನಿ ಕೊಡುವ ಪತ್ರ. ಫಾರ್ಮನ್ನು ತಿದ್ದಿ ಆಗಿತ್ತು. ಪತ್ರಕ್ಕಾಗಿ ಕಳಿಸಿದ ಎರಡು ಇಮೇಲಿಗೂ ಉತ್ತರವಿರಲಿಲ್ಲ. ಕ್ಲಿನಿಕ್ಕು ತೆರೆಯುವುದು ಹನ್ನೊಂದಕ್ಕೆ. ಆಗ ಅಲ್ಲಿ ಸಂಜೆ ಐದು, ಆಫೀಸು ಮುಚ್ಚುವ ಹೊತ್ತು. ಶುಕ್ರವಾರವಂತೂ ಅವರು ಆಗಲೇ ಮನೆಗೆ ಹೋಗಿದ್ದರು.

"ಫೋನ್ ನಂಬರ್ ಕೊಡ್ರಿ," ಎಂದೆ. "ಸೋಮವಾರ ಬೆಳಿಗ್ಗೆ ಐದೂವರೆಗೆ ನಾನು ಮಾಡ್ತೀನಿ. ಅವರಿಗೆ ಆಗ ಹನ್ನೊಂದೂವರೆ."

ಡಾಕ್ಟರು ನನ್ನ ಬಾಯಿಯನ್ನೇ ನೋಡಿದರು. ಅವರಿಗೇನು ಅನ್ನಿಸಿತೆಂದು ನನಗೆ ಗೊತ್ತಾಯಿತು. ನನಗೂ ಅದೇ ಅನ್ನಿಸಿತ್ತು.

ಸೋಮವಾರ ಐದೂವರೆಗೆ ಅಡಿಗೆಮನೆಯಲ್ಲಿ ಕೂತು ನಂಬರ್ ಒತ್ತಿದೆ. ಮ್ಯಾನ್‌ಹ್ಯಾಟನ್ನಿಗೆ ಹೊರಡಲು ತಯಾರಾಗುತ್ತಿದ್ದ ಮಗಳು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಳು.

"ಅಮ್ಮ, ನಾನ್ ಮಾತಾಡ್ಲಾ? ಅವ್ರಿಗೆ ನಿನ್ ಮಾತು ಅರ್ಥ ಆಗತ್ತೋ ಇಲ್ವೋ."

"ಮುಂದಿನ ಮಂಗಳವಾರ ಇಂಟರ್‌ವ್ಯೂಕ್ಕೂ ನೀನ ಬರ್ತೀಯೇನು?" ಎಂದೆ.

ಆ ಕಡೆ ಎತ್ತಿದವರು ಒಬ್ಬ ಹೆಣ್ಣುಮಗಳು. ಜರ್ಮನ್ ಧಾಟಿಯ ಇಂಗ್ಲಿಷು. ಬಾಯಲ್ಲಿ ಮೇಲಿನ ಹಲ್ಲಿಲ್ಲ, ಕ್ಷಮಿಸಿ ಎಂದು ಮೊದಲೇ ಹೇಳಿದೆ. ಆಮೇಲೆ ಡಿಕ್ಟೇಶನ್ ಕೊಡುವ ಹಾಗೆ, ಒಂದೊಂದೇ ಪದವಾಗಿ, ಪಾರ್ಸೆಲಿನ ನಂಬರು, ಕ್ಲಿನಿಕ್ಕಿನ ಹೆಸರು, ಬೇಕಾದ ಪತ್ರ ಎಲ್ಲ ಹೇಳಿದೆ. ಅವರು ಕೇಳಿದ್ದನ್ನು ತಿರುಗಿ ಓದಿದರು. ಒಂದು ಅಂಕಿ ಬಿಟ್ಟರೆ ಎಲ್ಲ ಸರಿಯಿತ್ತು.

"ನನ್ನ ಮಾತು ನಿಮಗೆ ತಿಳಿಯಿತೇ?" ಎಂದು ಕೇಳಿದೆ.

"ಹಲ್ಲಿರುವ ಅಮೆರಿಕನ್ನರಿಗಿಂತ ಚೆನ್ನಾಗಿ ತಿಳಿಯಿತು," ಎಂದರು ಅವರು. "ಅವರು ಓಡುತ್ತಾರೆ. ನೀವು ನಡೆಯುತ್ತೀರಿ."

ನಿಮ್ಮ ದೇಶವನ್ನು ಸ್ವಿಟ್ಸರ್ಲೆಂಡ್ ಎಂದು ಬರೆಸಿದವಳು ನಾನೇ ಎಂದು ಒಪ್ಪಿಕೊಂಡೆ. ಅವರು ನಕ್ಕರು. ಆ ತಪ್ಪು ವಾರಕ್ಕೊಂದು ಬರುತ್ತದಂತೆ. ತಾನಾದರೋ ನಿಜವಾಗಿಯೂ ಸ್ವಿಟ್ಸರ್ಲೆಂಡಿನವಳು, ದಿನವೂ ಸೈಕಲ್ಲಿನಲ್ಲಿ ರೈನ್ ಸೇತುವೆ ದಾಟಿ ಲಿಕ್ಟೆನ್‌ಸ್ಟೈನಿಗೆ ಕೆಲಸಕ್ಕೆ ಬರುತ್ತೇನೆ ಎಂದರು. ನಮ್ಮ ಕಿಟಕಿಯಿಂದಲೂ ಒಂದು ಸೇತುವೆ ಕಾಣುತ್ತದೆ, ನನ್ನ ಮಗಳು ಇನ್ನು ಹತ್ತು ನಿಮಿಷಕ್ಕೆ ಅದನ್ನು ದಾಟುತ್ತಾಳೆ ಎಂದೆ. ಪತ್ರ ಮಧ್ಯಾಹ್ನದ ಊಟಕ್ಕೆ ಮೊದಲೇ ಕಳಿಸುತ್ತೇನೆ ಎಂದರು. ಇಲ್ಲಿ ಆರೂಕಾಲಾಗುವಷ್ಟರಲ್ಲಿ ಅದು ಡಾಕ್ಟರ ಇಮೇಲಿನಲ್ಲಿತ್ತು.

ಪಾರ್ಸೆಲು ಬುಧವಾರ ಬಿಡುಗಡೆಯಾಯಿತು. ಶನಿವಾರ ಕ್ಲಿನಿಕ್ಕಿನಲ್ಲಿ ಹೊಸ ಸೆಟ್ಟು ಕೂರಿಸಿಕೊಂಡೆ. ಡಾಕ್ಟರು ಕನ್ನಡಿ ಹಿಡಿದರು. ಹಲ್ಲುಗಳು ಹೊಸದಾಗಿ ಹೊಳೆಯುತ್ತಿರಲಿಲ್ಲ, ನನ್ನವೇ ಅನ್ನಿಸುವಷ್ಟು ಮಾಸಿದ್ದವು. ಅದು ಹಿಡಿಸಿತು.

"ಎರಡು ವಾರ ಮಾತು ಸ್ವಲ್ಪ ತೊದಲತ್ತೆ ಆಂಟಿ. ಅಭ್ಯಾಸ ಆಗ್ಬೇಕು."

"ನನಗ ಮೂರು ದಿನ ಅದಾವ."

"ಹಂಗಾದ್ರೆ ನಿಧಾನ ಮಾತಾಡಿ."

"ಅದನ್ನ ಆಗಲೇ ಒಬ್ರು ಕಲಿಸ್ಯಾರ," ಎಂದೆ.

ಮಂಗಳವಾರ ನೆವಾರ್ಕಿನಲ್ಲಿ ಬೇರೊಬ್ಬ ಅಧಿಕಾರಿ ಇದ್ದರು, ನಡುವಯಸ್ಸಿನ ಗಂಡಸು. ಹೊಸ ಹಲ್ಲು ಭದ್ರವಾಗಿ ಕೂತಿತ್ತು, ಆದರೆ ಡಾಕ್ಟರು ಹೇಳಿದಂತೆಯೇ ಸಕಾರಗಳೆಲ್ಲ ಶಿಳ್ಳೆ ಹೊಡೆದವು. ಮೊದಲ ಸಲದಂತೆ ಓಡಲಿಲ್ಲ. ಒಂದೊಂದೇ ಪದ ಇಟ್ಟೆ. ಅವರು ಒಮ್ಮೆಯೂ ತಿರುಗಿ ಕೇಳಲಿಲ್ಲ. ದೇಶದ ಪೂರ್ವ ಕರಾವಳಿಯಲ್ಲಿರುವ ಸಾಗರ ಯಾವುದು ಎಂಬ ಪ್ರಶ್ನೆ ಬಂದಾಗ ಬಂದರುಗಳು, ಬಿಸಿನೀರಿನ ಪ್ರವಾಹ, ಆಮದು ರಫ್ತು ಎಲ್ಲ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡು ಅಟ್ಲಾಂಟಿಕ್ ಎಂದಷ್ಟೇ ಹೇಳಿದೆ. ಓದಲು ಕೊಟ್ಟ ವಾಕ್ಯವನ್ನು ಓದಿದೆ, ಬರೆಯಲು ಹೇಳಿದ್ದನ್ನು ಬರೆದೆ. ಅವರು ಒಂದು ಹಾಳೆ ಮುಂದೆ ತಳ್ಳಿ, ಪಾಸಾಗಿದ್ದೀರಿ, ಪ್ರಮಾಣ ವಚನದ ದಿನ ತಿಳಿಸುತ್ತೇವೆ ಎಂದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಎರಡು ತಿಂಗಳಿಂದ ಬಿಗಿಹಿಡಿದಿದ್ದ ಮೈ ತಾನಾಗಿಯೇ ಸಡಿಲಾಗುತ್ತಿತ್ತು, ಅದನ್ನು ತಡೆಯುವ ಮನಸ್ಸಾಗಲಿಲ್ಲ. ಧಾರವಾಡದಲ್ಲಿ ರಾತ್ರಿ ಊಟದ ಹೊತ್ತು. ಅಕ್ಕನಿಗೆ ಫೋನ್ ಮಾಡಿದೆ.

"ಆತೇನ?" ಎಂದಳು.

"ಆತು."

ಆ ಕಡೆ ಮೂಗು ಒರೆಸಿಕೊಂಡದ್ದು ಕೇಳಿಸಿತು. ಆಮೇಲೆ ತನ್ನ ಎಂದಿನ ದನಿಯಲ್ಲಿ ಕೇಳಿದಳು. "ಎಷ್ಟ ದಿನಾ ಇರಾಕಿ?"

"ನೀ ಸಾಕ್ ಹೋಗು ಅನ್ನೂತನಕ."

"ಹಂಗಾದ್ರ ಒಂದ ವಾರ," ಎಂದಳು ಅಕ್ಕ. "ಐದಕ್ಕ ಎಬ್ಬಸ್ತಿ ನೀನು."